ಹೆಡ್‌ಲೈಟಿಗೂ ಉಸಿರಾಡೋಕೆ ಒಂದು ತೂತು ಬೇಕು

ಹೆಡ್‌ಲೈಟ್ ಕವರಿನ ಒಳಗೆ ನೀರು ನಿಂತಿತ್ತು. ಜಾಸ್ತಿ ಏನಲ್ಲ, ಎರಡು ಚಮಚ. ಆದರೆ ಸುತ್ತಲೂ ಸಿಲಿಕೋನ್ ಬಳಿದು, ಇರುವೆಯೂ ನುಗ್ಗದ ಹಾಗೆ ಅದನ್ನು ಮುಚ್ಚಿದ್ದು ನಾನೇ. ಹೊರಗೆ ಆರಿದ್ರಾ ಮಳೆ ಹೊಡೆಯುತ್ತಿತ್ತು. "ಎಂತ ಮಾರಾಯ, ಮೀನು ಸಾಕ್ತೀಯಾ ಇದ್ರಲ್ಲಿ?" ಅಂತ ಪಕ್ಕದ ಮನೆಯ ಗೆಳೆಯ ಕೇಳಿದ. ಉತ್ತರ ಕೊಡುವ ಹುಮ್ಮಸ್ಸು ಇರಲಿಲ್ಲ.

ಮೊದಲು ಕಾರಿನ ವಿಷಯ ಹೇಳಿಬಿಡುತ್ತೇನೆ. ಕಿಟ್ ಕಾರ್ ಅಂದರೆ ಚಾಸಿಸ್ (ಅಡಿಯ ಚೌಕಟ್ಟು) ಮತ್ತು ಬಾಡಿ ಮಾತ್ರ ಕೊಂಡು, ಇಂಜಿನ್, ಆಕ್ಸಲ್ ಎಲ್ಲ ಹಳೆ ಗಾಡಿಯಿಂದ ತೆಗೆದು ನಾವೇ ಜೋಡಿಸಿಕೊಳ್ಳುವ ಕಾರು. ಇಂಗ್ಲೆಂಡಿನಲ್ಲಿ 1957ರಲ್ಲಿ ಬಂದ ಲೋಟಸ್ ಸೆವೆನ್ ಹೀಗೇ ಹೆಸರು ಮಾಡಿದ್ದು. ಬಿಡಿಭಾಗ ಕೊಂಡು ಮನೆಯಲ್ಲಿ ಜೋಡಿಸಿದರೆ ಆಗ ಅಲ್ಲಿ ಖರೀದಿ ತೆರಿಗೆ ಉಳಿಯುತ್ತಿತ್ತು. ನನ್ನದು ಬೆಂಗಳೂರಿನಲ್ಲಿ ಯಾರೋ ಅರ್ಧಕ್ಕೆ ಬಿಟ್ಟಿದ್ದ ಪೈಪ್ ಚಾಸಿಸ್, ಫೈಬರ್ ಬಾಡಿ. ಇಂಜಿನ್ ಮಾರುತಿ ಜಿಪ್ಸಿಯದು. ಸರ್ಕಾರದ ಮಾದರಿ ಪರೀಕ್ಷೆ ಪಾಸಾಗದ ಗಾಡಿ ನಮ್ಮಲ್ಲಿ ರಿಜಿಸ್ಟರ್ ಆಗುವುದಿಲ್ಲ. ಹಾಗಾಗಿ ಇದು ತೀರ್ಥಹಳ್ಳಿ ಹತ್ತಿರದ ನಮ್ಮ ತೋಟದ ಒಳದಾರಿ ಬಿಟ್ಟು ಆಚೆ ಹೋಗುವುದಿಲ್ಲ. ರಾತ್ರಿ ಪಂಪ್‌ಸೆಟ್ ನೋಡಿ ಬರುವುದಕ್ಕೆ ಅಂತ ಮನೆಯಲ್ಲಿ ಹೇಳಿದ್ದೇನೆ. ಯಾರೂ ನಂಬಿಲ್ಲ.

ದೀಪಕ್ಕೆ 7 ಇಂಚಿನ ದುಂಡು ಹೆಡ್‌ಲೈಟನ್ನೇ ಆರಿಸಿದೆ. ಜೀಪು, ಜಿಪ್ಸಿ, ಅಂಬಾಸಿಡರ್ ಎಲ್ಲಕ್ಕೂ ಅದೇ ಅಳತೆ. ಒಡೆದರೆ ಶಿವಮೊಗ್ಗದ ಯಾವ ಸ್ಪೇರ್ ಅಂಗಡಿಯಲ್ಲೂ ಸಿಗುತ್ತದೆ. ಆದರೆ ಮೊದಲ ಜೋಡಿಯನ್ನು ಆಸೆಬುರುಕನ ಹಾಗೆ ಆನ್‌ಲೈನಿನಲ್ಲಿ ತರಿಸಿದ್ದೆ. ಡಿಮ್ ಹಾಕಿ ಗೋಡೆಗೆ ಬಿಟ್ಟು ನೋಡಿದರೆ ಬೆಳಕು ಬಲಗಡೆ ಮೇಲಕ್ಕೆ ಏರುತ್ತಿತ್ತು. ನಮಗೆ ಅದು ಎಡಗಡೆ ಏರಬೇಕು. ಇಲ್ಲದಿದ್ದರೆ ಎದುರಿಗೆ ಬರುವವನ ಕಣ್ಣಿಗೇ ಹೊಡೆಯುತ್ತದೆ. ಇದನ್ನು ಕೊಳ್ಳುವ ಮೊದಲೇ ನೋಡಬಹುದು ಅಂತ ಆಮೇಲೆ ಗೊತ್ತಾಯಿತು. ಇ-ಗುರುತು (ವಿಶ್ವಸಂಸ್ಥೆಯ ನಿಯಮದಂತೆ ಒಪ್ಪಿಗೆ ಸಿಕ್ಕಿದೆ ಅಂತ ತೋರಿಸುವ, ಸುತ್ತಿನೊಳಗಿನ E ಅಕ್ಷರ) ಇರುವ ಲೈಟಾದರೆ ಎದುರು ನಿಂತು ಗಾಜನ್ನು ನೋಡಿ. ಗುರುತಿನ ಹತ್ತಿರ ನಿಮ್ಮ ಬಲಕ್ಕೆ ತೋರಿಸುವ ಬಾಣ ಇದ್ದರೆ ನಮ್ಮ ಹಾಗೆ ಎಡಗಡೆ ಓಡಿಸುವ ದೇಶದ್ದು. ಬಾಣವೇ ಇಲ್ಲದಿದ್ದರೆ ಬಲಗಡೆ ಓಡಿಸುವವರದ್ದು. ಎರಡೂ ತುದಿಗೆ ಬಾಣ ಇದ್ದರೆ ಎರಡಕ್ಕೂ ಆಗುತ್ತದೆ. ಆ ಜೋಡಿ ಈಗ ಅಟ್ಟದ ಮೇಲಿದೆ.

ಫೈಬರ್ ಕೊಯ್ಯುವ ಕೆಲಸದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗೆರೆಯ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ, ಸಣ್ಣ ಹಲ್ಲಿನ ಬ್ಲೇಡ್ ಹಾಕಿ ಜಿಗ್‌ಸಾದಲ್ಲಿ ನಿಧಾನ ಕೊಯ್ದರೆ ಮೇಲಿನ ಪದರ ಸಿಪ್ಪೆ ಏಳುವುದಿಲ್ಲ. ಮೂಗಿಗೆ ಮಾಸ್ಕ್, ಉದ್ದ ತೋಳಿನ ಅಂಗಿ ಬೇಕೇ ಬೇಕು. ಆ ಧೂಳು ಮೈಗೆ ತಾಗಿದರೆ ನಸುಗುನ್ನಿಯೇ ವಾಸಿ ಅನ್ನಿಸುತ್ತದೆ.

ಕಷ್ಟ ಇದ್ದದ್ದು ಅಳತೆಯಲ್ಲಿ. ನೋಡಲು ಎಡ ಬಲ ಒಂದೇ ಥರ ಇದ್ದ ಬಾಡಿಗೆ ನಡುವಿನಿಂದ ದಾರ ಹಿಡಿದರೆ 9 ಮಿಲಿಮೀಟರ್ ವ್ಯತ್ಯಾಸ. ಎತ್ತರ ನೋಡಲು ಗಾರೆಯವರ ಟ್ಯೂಬ್ ಲೆವೆಲ್ (ನೀರು ತುಂಬಿದ ಪಾರದರ್ಶಕ ಪೈಪು) ತಂದೆ. ಅಡಿಕೆ ಒಣಗಿಸುವ ಅಂಗಳ ಸಮ ಇದೆ ಅಂತ ನಾನು ಹುಟ್ಟಿದಾಗಿನಿಂದ ನಂಬಿದ್ದೆ. ಮಳೆನೀರು ಹರಿಯಲಿ ಅಂತ ಅಜ್ಜನ ಕಾಲದಲ್ಲೇ ಎರಡು ಇಂಚು ಇಳಿಜಾರು ಕೊಟ್ಟಿದ್ದಾರೆ ಅಂತ ಟ್ಯೂಬ್ ಹೇಳಿತು! ಚಕ್ರದ ಕೆಳಗೆ ಹಲಗೆ ಕೊಟ್ಟು ನಾಲ್ಕೂ ಚಕ್ರ ಸಮ ಮಾಡಿದೆ. ಡ್ರೈವರ್ ಸೀಟಿನಲ್ಲಿ ಅಕ್ಕಿ ಮೂಟೆ ಕೂರಿಸಿದೆ. ಹಗುರ ಕಾರು ಆದ್ದರಿಂದ ಒಬ್ಬ ಕೂತರೂ ಮೂತಿ ಮೇಲೆ ಕೆಳಗೆ ಆಗುತ್ತದೆ. ಡಿಮ್ ಲೈಟಿನ ಎತ್ತರಕ್ಕೆ ವಿಶ್ವಸಂಸ್ಥೆಯ ನಿಯಮದಲ್ಲಿ ನೆಲದಿಂದ ಕನಿಷ್ಠ 500 ಮಿಲಿಮೀಟರ್ ಅಂತಿದೆ. ನನ್ನದು 620ಕ್ಕೆ ಕೂತಿತು. ಆಮೇಲೆ ಕೊಟ್ಟಿಗೆ ಗೋಡೆಯಿಂದ ಏಳೂವರೆ ಮೀಟರ್ ದೂರದಲ್ಲಿ ಕಾರು ನಿಲ್ಲಿಸಿ, ಲೈಟಿನ ನಡುಭಾಗದ ಎತ್ತರವನ್ನು ಗೋಡೆಗೆ ಎಳೆದು, ಅದಕ್ಕಿಂತ ಏಳೂವರೆ ಸೆಂಟಿಮೀಟರ್ ಕೆಳಗೆ ಸುಣ್ಣದ ಗೆರೆ ಹಾಕಿದೆ. ನೂರಕ್ಕೆ ಒಂದರಷ್ಟು ಇಳಿಕೆ. ಡಿಮ್ಮಿನ ಮೇಲಂಚು ಅಲ್ಲಿ ಕೂತರೆ ಸರಿ.

ವೈರಿಂಗಿನಲ್ಲಿ ಒಂದೇ ಮಾತು ಮುಖ್ಯ. ಫೈಬರ್ ಬಾಡಿಯಲ್ಲಿ ಕರೆಂಟು ಹರಿಯುವುದಿಲ್ಲ. ತಗಡಿನ ಕಾರಿನಲ್ಲಿ ಬಾಡಿಯೇ ಅರ್ಥ್, ಅಂದರೆ ಕರೆಂಟು ಬ್ಯಾಟರಿಗೆ ವಾಪಸಾಗುವ ದಾರಿ. ಇಲ್ಲಿ ಪ್ರತಿ ಲೈಟಿನಿಂದ ಚಾಸಿಸ್‌ಗೆ ಬೇರೆ ವೈರ್ ಎಳೆಯಬೇಕು. ನಾನು ಒಂದು ಸಪೂರ ವೈರಿನಲ್ಲಿ ಎಲ್ಲ ಮುಗಿಸಿದ್ದೆ. ಇಂಡಿಕೇಟರ್ ಹಾಕಿದರೆ ಹೆಡ್‌ಲೈಟೂ ಜೊತೆಗೆ ಕಣ್ಣು ಮಿಟುಕಿಸುತ್ತಿತ್ತು. ಬ್ಯಾಟರಿಯಲ್ಲಿ 13.6 ವೋಲ್ಟ್ ಇದ್ದರೆ ಬಲ್ಬಿಗೆ ತಲುಪುತ್ತಿದ್ದದ್ದು 11.9. ಹ್ಯಾಲೊಜೆನ್ ಬಲ್ಬಿನಲ್ಲಿ ಅಷ್ಟು ಇಳಿದರೆ ಹತ್ತಿರಹತ್ತಿರ ಮೂರನೇ ಒಂದು ಪಾಲು ಬೆಳಕೇ ಹೋಯಿತು ಅಂತ ಲೆಕ್ಕ. ದಪ್ಪ ವೈರ್, ಡಿಮ್ಮಿಗೊಂದು ಬ್ರೈಟಿಗೊಂದು ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ಆರಿಸುವ ಸ್ವಿಚ್), ಫ್ಯೂಸ್ ಹಾಕಿದ ಮೇಲೆ ಸರಿಹೋಯಿತು.

ಇನ್ನು ಕವರು. 1961ರಲ್ಲಿ ಬಂದ ಇಂಗ್ಲೆಂಡಿನ ಸ್ಪೋರ್ಟ್ಸ್ ಕಾರು ಜಾಗ್ವಾರ್ ಇ-ಟೈಪಿನ ಹಾಗೆ ನನ್ನ ಕಾರಿನ ಮೂತಿಯಲ್ಲೂ ಲೈಟು ಗುಳಿಯೊಳಗೆ ಕೂರುತ್ತದೆ. ಮುಚ್ಚದೆ ಬಿಟ್ಟರೆ ಆ ಗುಳಿಯಲ್ಲಿ ತೋಟದ ಕೆಸರು, ಕಸ ಎಲ್ಲ ತುಂಬುತ್ತದೆ. ಅಮೆರಿಕದ ನಿಯಮಕ್ಕಾಗಿ ಇ-ಟೈಪೇ 1960ರ ದಶಕದ ಕೊನೆಗೆ ಕವರ್ ಬಿಟ್ಟಿತು. ಕವರ್ ಬೆಳಕು ತಿನ್ನುವುದು ನಿಜ. ಕವರಿನ ಅಕ್ರಿಲಿಕ್ (ಗಾಜಿನಂಥ ಪ್ಲಾಸ್ಟಿಕ್) ಎದುರಿಗೆ ನೇರ ಇದ್ದರೆ ನೂರಕ್ಕೆ 92 ಪಾಲು ಬೆಳಕು ಹಾಯುತ್ತದೆ, ಓರೆಯಾದಷ್ಟೂ ಕಡಿಮೆ. ಆದರೂ ಹಾಕಿದೆ. ಚಂದ ಕಾಣುತ್ತದೆ, ಅಲ್ವಾ?

ಆಕಾರ ತೆಗೆಯಲು ಸಾಗರದ ಗುಡಿಗಾರರೊಬ್ಬರನ್ನು ಕೇಳಿಕೊಂಡೆ. ಗಣಪತಿ ಮಾಡುವ ಜೇಡಿಮಣ್ಣನ್ನೇ ಗುಳಿಗೆ ತುಂಬಿ, ಅಂಗೈಯಲ್ಲಿ ಸವರಿ ಬಾಡಿಯ ಗೆರೆಗೆ ಸೇರಿಸಿದರು. ನಾನು ಮೂರು ದಿನ ಪಟ್ಟಿ ಹಿಡಿದು ಒದ್ದಾಡಿದ್ದನ್ನು ಅವರು ಅರ್ಧ ಗಂಟೆಯಲ್ಲಿ ಮುಗಿಸಿದರು. "ನಾವು ಕಣ್ಣು ಕೊನೆಗೆ ಬರೆಯೋದು. ನೀವು ಮೊದಲೇ ಇಟ್ಟುಬಿಟ್ಟಿದೀರಿ" ಅಂದರು. ಆ ಮಣ್ಣಿನ ಮೇಲೆ ಫೈಬರ್ ಅಚ್ಚು, ಅಚ್ಚಿನೊಳಗೆ ಪ್ಲಾಸ್ಟರ್ ಹೊಯ್ದು ದಿಮ್ಮಿ. ಬಿಸಿ ಅಕ್ರಿಲಿಕ್ ಹಾಳೆ ಹಾಸಿ ಕವರಿನ ಆಕಾರ ಕೊಡುವುದು ಈ ದಿಮ್ಮಿಯ ಮೇಲೆ. ಹಾಳೆಗೆ ಗುರುತು ಬೀಳದ ಹಾಗೆ ಅದಕ್ಕೆ ಫ್ಲಾನಲ್ ಬಟ್ಟೆ.

ಬೋರ್ಡ್ ಮಾಡುವ ಅಂಗಡಿಯಲ್ಲಿ 3 ಮಿಲಿಮೀಟರಿನ ಅಕ್ರಿಲಿಕ್ ಸಿಕ್ಕಿತು. ಕಾಸ್ಟ್ ಶೀಟೇ (ಅಚ್ಚಿಗೆ ಹೊಯ್ದು ಮಾಡಿದ್ದು) ಕೊಡಿ ಅಂತ ಕೇಳಿ. ಇನ್ನೊಂದು ಬಗೆ ಬಿಸಿಗೆ ಒಂದು ಕಡೆಗೆ ಕುಗ್ಗುತ್ತದೆ. ಕಾಸ್ಟ್ ಶೀಟು ಮೆತ್ತಗಾಗಲು 160 ಡಿಗ್ರಿ ಶಾಖ ಬೇಕು, ಅದೂ ಎಲ್ಲ ಕಡೆ ಸಮವಾಗಿ. ಅಷ್ಟು ದೊಡ್ಡ ಓವನ್ ಯಾರ ಹತ್ತಿರ ಇದೆ? ನಮ್ಮೂರ ಬೇಕರಿಯವರ ಹತ್ತಿರ. ಭಾನುವಾರ ಕೊನೆಯ ಬನ್ನು ಇಳಿಸಿದ ಮೇಲೆ ಬಿಟ್ಟುಕೊಟ್ಟರು. ಮೊದಲನೆಯದು ಜಾಸ್ತಿ ಕಾದು ಗುಳ್ಳೆ ಎದ್ದಿತು. ಎರಡನೆಯದು ಹೊರಗೆ ತಂದು ಹಾಸುವಷ್ಟರಲ್ಲಿ ಸೆಟೆದುಕೊಂಡಿತು. ಮೂರನೆಯ ಸಲ ದಿಮ್ಮಿಯನ್ನೇ ಓವನ್ ಬಾಗಿಲ ಹತ್ತಿರ ಇಟ್ಟೆವು. ಹಾಳೆ ಒದ್ದೆ ಬಟ್ಟೆಯ ಹಾಗೆ ಕೂತಿತು. ಮೇಲೆ ಕಂಬಳಿ ಹೊದಿಸಿ ನಿಧಾನ ತಣಿಯಲು ಬಿಟ್ಟೆವು.

ತೂತು ಕೊರೆಯುವಾಗ ಸ್ಕ್ರೂವಿಗಿಂತ 2 ಮಿಲಿಮೀಟರ್ ದೊಡ್ಡದು ಮಾಡಬೇಕು. 40 ಸೆಂಟಿಮೀಟರ್ ಉದ್ದದ ಅಕ್ರಿಲಿಕ್, 40 ಡಿಗ್ರಿ ಬಿಸಿ ಏರಿದರೆ ಒಂದು ಮಿಲಿಮೀಟರಿಗಿಂತ ಜಾಸ್ತಿ ಹಿಗ್ಗುತ್ತದೆ. ಬಿಗಿ ಮಾಡಿದರೆ ಸ್ಕ್ರೂವಿನ ಬುಡದಿಂದ ಬಿರುಕು. ರಬ್ಬರ್ ವಾಷರ್ ಹಾಕಿ ಕೈಬಿಗಿ ಸಾಕು. ಥಿನ್ನರಿನಲ್ಲಿ ಒರೆಸಲೇಬೇಡಿ. ನಾನು ಒರೆಸಿದೆ. ಹತ್ತು ನಿಮಿಷದಲ್ಲಿ ಜೇಡನ ಬಲೆಯ ಹಾಗೆ ಸಣ್ಣ ಬಿರುಕು ಮೂಡಿ, ಮತ್ತೆ ಬೇಕರಿಗೆ ಹೋದೆ.

ಈಗ ಆ ಎರಡು ಚಮಚ ನೀರಿಗೆ ಬರುತ್ತೇನೆ. ಲೈಟು ಹಾಕಿದಾಗ ಒಳಗಿನ ಗಾಳಿ ಕಾದು ಹಿಗ್ಗುತ್ತದೆ, ಸಿಲಿಕೋನಿನ ಸೂಜಿಮೊನೆಯಂಥ ಸಂದಿಯಿಂದ ಹೊರಗೆ ಹೋಗುತ್ತದೆ. ಆರಿಸಿದ ಮೇಲೆ ತಣಿದು ಕುಗ್ಗುವಾಗ ಅದೇ ಸಂದಿಯಿಂದ ಮಳೆನೀರನ್ನೇ ಒಳಗೆ ಎಳೆದುಕೊಳ್ಳುತ್ತದೆ. ಒಳಗೆ ಬಂದದ್ದಕ್ಕೆ ಹೊರಗೆ ಹೋಗಲು ದಾರಿ ಇಲ್ಲ. ನಾನು ಬಿಗಿ ಮಾಡಿದಷ್ಟೂ ನೀರು ಒಳಗೇ ಉಳಿಯುತ್ತಿತ್ತು. ಮಲೆನಾಡಿನ ಗಾಳಿಯೇ ನಾಲ್ಕು ತಿಂಗಳು ನೀರು. ಇದರ ಜೊತೆ ಎಲ್ಇಡಿ ಹಾಕಿದರೆ ಇನ್ನೂ ಕಷ್ಟ. ಅದರ ಬೆಳಕಿನಲ್ಲಿ ಗಾಜನ್ನು ಒಣಗಿಸುವಷ್ಟು ಬಿಸಿ ಇಲ್ಲ.

ಸಿಲಿಕೋನ್ ಕಿತ್ತು ಹಾಕಿದೆ. ವಿನೆಗರ್ ವಾಸನೆಯ ಆ ಬಗೆ ಟರ್ಮಿನಲ್ಲಿಗೂ ಒಳ್ಳೆಯದಲ್ಲ. ಬದಲಿಗೆ ಸುತ್ತ ಮೆತ್ತನೆಯ ರಬ್ಬರ್ ಪಟ್ಟಿ. ಗುಳಿಯ ತಳದಲ್ಲಿ ಹಿಂದಕ್ಕೆ 8 ಮಿಲಿಮೀಟರಿನ ತೂತು, ಮೇಲುಗಡೆ ಇನ್ನೊಂದು. ಎರಡಕ್ಕೂ ರಬ್ಬರ್ ಟ್ಯೂಬ್ ಹಾಕಿ, ಬಾಯಿ ಕೆಳಮುಖವಾಗಿ ಇಂಜಿನ್ ಕಡೆಗೆ ಬಿಟ್ಟೆ. ಈಗಲೂ ಬೆಳಗ್ಗೆ ಮಂಜು ಕಟ್ಟುತ್ತದೆ. ಲೈಟು ಹಾಕಿದ ಕಾಲು ಗಂಟೆಯಲ್ಲಿ ಬಿಡುತ್ತದೆ.

ನವರಾತ್ರಿ ಹೊತ್ತಿಗೆ ಎಡಗಡೆಯದು ಮತ್ತೆ ಮಂಜಾಯಿತು. ಟ್ಯೂಬ್ ಬಿಚ್ಚಿದರೆ ಒಳಗೆ ಕುಂಬಾರ ಹುಳ ಅಚ್ಚುಕಟ್ಟಾಗಿ ಮಣ್ಣಿನ ಗೂಡು ಕಟ್ಟಿತ್ತು. ಈಗ ಟ್ಯೂಬಿನ ಬಾಯಿಗೆ ಸೊಳ್ಳೆ ಪರದೆಯ ತುಂಡು ಕಟ್ಟಿದ್ದೇನೆ. ಹದಿನೈದು ದಿನಕ್ಕೊಮ್ಮೆ ಬಿಚ್ಚಿ ಧೂಳು ಕೊಡವುತ್ತೇನೆ.