2.20 + 1.30 ಎಷ್ಟು?

ಸೇಡಂ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಆರರಿಂದ ಎಂಟನೇ ತರಗತಿವರೆಗೆ ಗಣಿತ ಕಲಿಸುತ್ತೇನೆ. ಈ ಮೂರು ವರ್ಷದಲ್ಲಿ ಪೂರ್ಣಾಂಕ, ಅನುಪಾತ, ಬೀಜಗಣಿತ, ಕ್ಷೇತ್ರಫಲ ಅಂತ ಬಹಳಷ್ಟು ಬರುತ್ತದೆ. ಬೀಜಗಣಿತವೇ ಕಷ್ಟ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಹಾಗನಿಸಿಲ್ಲ. ಎಕ್ಸ್ ಕಂಡರೆ ಮಕ್ಕಳು ಹೆದರುತ್ತಾರೆ, ಹೆದರಿದ್ದಕ್ಕೇ ಕೇಳುತ್ತಾರೆ. ದಶಮಾಂಶಕ್ಕೆ ಯಾರೂ ಹೆದರುವುದಿಲ್ಲ. ಗೊತ್ತಿದೆ ಅಂದುಕೊಂಡೇ ತಪ್ಪು ಬರೆಯುತ್ತಾರೆ.

ಆರನೇ ತರಗತಿಯಲ್ಲಿ 0.45 ಮತ್ತು 0.6 ಬರೆದು ಯಾವುದು ದೊಡ್ಡದು ಅಂತ ಕೇಳಿ ನೋಡಿ. "ನಲವತ್ತೈದ ದೊಡ್ಡದದ ಅಲ್ರಿ ಸರ್" ಅನ್ನುವವರೇ ಜಾಸ್ತಿ. ಅವರಿಗೆ ಚುಕ್ಕೆಯ ಈಚೆ ಒಂದು ಸಂಖ್ಯೆ, ಆಚೆ ಇನ್ನೊಂದು ಸಂಖ್ಯೆ. ಸುಮ್ನೆ ಬೈದು ಪ್ರಯೋಜನವಿಲ್ಲ, ಏಕೆಂದರೆ ಅವರು ದಿನಾ ನೋಡುವ ಚುಕ್ಕೆಗಳೇ ಹಾಗಿವೆ. ಪಹಣಿಯಲ್ಲಿ 2.20 ಅಂದರೆ 2 ಎಕರೆ 20 ಗುಂಟೆ. ಟಿವಿಯಲ್ಲಿ 4.3 ಓವರ್ ಅಂದರೆ ನಾಲ್ಕು ಓವರ್ ಮೂರು ಬಾಲ್. ಎತ್ತರ 5.11 ಅಂತ ಬರೆದುಕೊಂಡವನು 5.2 ಇರುವವನಿಗಿಂತ ಎತ್ತರ. ಅಲ್ಲಿ ಹನ್ನೊಂದು ಎರಡಕ್ಕಿಂತ ದೊಡ್ಡದೇ ಅಲ್ವಾ? ಆ ಲೆಕ್ಕವನ್ನೇ ಮಗು ಕ್ಲಾಸಿಗೂ ತಂದಿರುತ್ತದೆ.

ಹಾಗಾಗಿ ಪುಸ್ತಕ ತೆಗೆಯುವ ಮೊದಲು ನೆಲದ ಮೇಲೆ ಕೂರುತ್ತೇವೆ. ನಮ್ಮ ಕ್ಲಾಸಿನ ನೆಲ ಶಹಾಬಾದ್ ಕಲ್ಲಿನದು. ಸೀಮೆಸುಣ್ಣ ಚೆನ್ನಾಗಿ ಕಾಣುತ್ತದೆ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ. ಅದರ ಮೇಲೆ ಒಂದು ಮೀಟರ್ ಗೆರೆ ಎಳೆಯುತ್ತೇವೆ. ಈ ತುದಿ 0, ಆ ತುದಿ 1. ಹತ್ತು ಭಾಗ ಮಾಡಿದರೆ ಒಂದೊಂದೂ 0.1. ಆ ಒಂದೊಂದನ್ನೂ ಮತ್ತೆ ಹತ್ತು ಮಾಡಿದರೆ ಒಂದೊಂದು ಸೆಂಟಿಮೀಟರ್, ಅಂದರೆ 0.01. ಈಗ ಒಬ್ಬರು 0.45ರ ಮೇಲೆ ಬೆರಳಿಡಬೇಕು, ಇನ್ನೊಬ್ಬರು 0.6ರ ಮೇಲೆ. ನಾಲ್ಕು ದೊಡ್ಡ ಭಾಗ ದಾಟಿ, ಐದು ಸಣ್ಣ ಭಾಗ ಹೋದರೆ 0.45. ಆರು ದೊಡ್ಡ ಭಾಗ ದಾಟಿದವನು ಅದಕ್ಕಿಂತ ಮುಂದೆ ಕೂತಿರುತ್ತಾನೆ. ವಾದ ಅಲ್ಲಿಗೆ ಮುಗಿಯಿತು. ಓದುವುದನ್ನೂ ಆಗಲೇ ತಿದ್ದುತ್ತೇನೆ. "ಪಾಯಿಂಟ್ ನಲವತ್ತೈದು" ಅನ್ನಬಾರದು, "ಪಾಯಿಂಟ್ ನಾಲ್ಕು ಐದು" ಅನ್ನಬೇಕು.

ದುಡ್ಡಿನಿಂದ ನಾನು ಶುರು ಮಾಡುವುದಿಲ್ಲ. ರೂಪಾಯಿ ಪೈಸೆ ಸುಲಭ ಅನ್ನುತ್ತಾರೆ, ಆದರೆ ಈ ಮಕ್ಕಳು ಪೈಸೆ ಕಂಡಿದ್ದೆಲ್ಲಿ? 25 ಪೈಸೆ ನಾಣ್ಯ 2011ರಲ್ಲೇ ಚಲಾವಣೆಯಿಂದ ಹೋಯಿತು. (ರೂಪಾಯಿಗೆ 100 ಪೈಸೆ ಅಂತ ಆಗಿದ್ದೇ 1957ರಲ್ಲಿ. ಅದಕ್ಕೂ ಮೊದಲಿನ 16 ಆಣೆ ಲೆಕ್ಕ ನಮ್ಮ ಅಜ್ಜಂದಿರ ಬಾಯಲ್ಲಿ ಇನ್ನೂ ಇದೆ.) ಅದಕ್ಕಿಂತ ದೊಡ್ಡ ತೊಂದರೆ ಬೇರೆ. ದುಡ್ಡಿನಲ್ಲಿ ಚುಕ್ಕೆಯ ಆಚೆ ಯಾವಾಗಲೂ ಎರಡೇ ಅಂಕಿ. ಹಾಗಾಗಿ ಮಗು ತಪ್ಪು ತಿಳಿದುಕೊಂಡಿದ್ದರೂ ಉತ್ತರ ಸರಿಯೇ ಬರುತ್ತದೆ, ನಮಗೆ ಗೊತ್ತೇ ಆಗುವುದಿಲ್ಲ. ಕಿರಾಣಿ ಅಂಗಡಿಯ ತೂಕದ ಮಷೀನ್ ಎಷ್ಟೋ ವಾಸಿ. 0.250 ಪಾವ್ ಕಿಲೋ, 0.500 ಅರ್ಧ ಕಿಲೋ, 0.050 ಬರೀ 50 ಗ್ರಾಂ. ತೊಗರಿಬೇಳೆ ತರಲು ಹೋಗುವ ಮಗು ಇದನ್ನು ನೋಡಿರುತ್ತದೆ.

ಇಷ್ಟು ಗಟ್ಟಿಯಾದ ಮೇಲೆ ಬೋರ್ಡ್ ಮೇಲೆ 2.20 + 1.30 ಬರೆದು, ಎಷ್ಟು ಅಂತ ಕೇಳುತ್ತೇನೆ. ರೂಪಾಯಿ ಆದರೆ 3.50, ಮೂರೂವರೆ. ತಾಸು ನಿಮಿಷ ಆದರೆ 3.50 ಅಂತಲೇ ಬರೆದರೂ ಅದು ಮೂರೂವರೆ ತಾಸಲ್ಲ, ನಾಲ್ಕು ತಾಸಿಗೆ ಹತ್ತು ನಿಮಿಷ ಕಡಿಮೆ. ಹೊಲ ಆದರೆ? 20 ಗುಂಟೆ, 30 ಗುಂಟೆ ಸೇರಿ 50. ಎಕರೆಗೆ 40 ಗುಂಟೆ, ಹಾಗಾಗಿ ಒಂದು ಎಕರೆ ಆ ಕಡೆ ಹೋಯಿತು. ಉತ್ತರ 4.10. ಹೊಲ ಇರುವ ಮನೆಯ ಮಕ್ಕಳು ಇದನ್ನು ಬೇಗ ಹಿಡಿಯುತ್ತಾರೆ.

ಒಮ್ಮೆ ಒಬ್ಬ ಹುಡುಗಿ ಕೇಳಿದಳು: "ಸರ್, ಹಂಗಾದ್ರ ಪಹಣಿಯೊಳಗಿನ 2.20 ಗಣಿತದಾಗ ಹೆಂಗ ಬರೀಬೇಕ್ರಿ?"

"ಚಲೋ ಕೇಳಿದಿ ನೋಡವ್ವ" ಅಂದು ಅವಳ ಕೈಗೇ ಸೀಮೆಸುಣ್ಣ ಕೊಟ್ಟೆ. 20ನ್ನು 40ರಿಂದ ಭಾಗಿಸಿದರೆ ಅರ್ಧ, ಹಾಗಾಗಿ 2.5 ಎಕರೆ. 30ನ್ನು 40ರಿಂದ ಭಾಗಿಸಿದರೆ ಮುಕ್ಕಾಲು, 1.75 ಎಕರೆ. ಕೂಡಿದರೆ 4.25. ಆ 0.25 ಎಕರೆ ಎಷ್ಟು ಗುಂಟೆ ಅಂತ ಕೇಳಿದೆ. ಹತ್ತು ಅಂತ ಹಿಂದಿನ ಬೆಂಚಿನಿಂದ ಉತ್ತರ ಬಂತು. ಭಿನ್ನರಾಶಿ ಮತ್ತು ದಶಮಾಂಶ ಒಂದೇ ವಸ್ತು ಅಂತ ನಾನು ಬೇರೆ ಪಾಠ ಮಾಡಬೇಕಾಗಲಿಲ್ಲ.

ಕ್ರಿಕೆಟ್ ಹುಚ್ಚಿನವರಿಗೆ ರನ್ ರೇಟ್ ಕೊಡುತ್ತೇನೆ. 4.3 ಓವರಿಗೆ 36 ರನ್. 36ನ್ನು 4.3ರಿಂದ ಭಾಗಿಸಿ ಒದ್ದಾಡುತ್ತಾರೆ. ಓವರಿಗೆ ಆರು ಬಾಲ್, ಮೂರು ಬಾಲ್ ಅಂದರೆ ಅರ್ಧ ಓವರ್. ಹಾಗಾಗಿ 4.5ರಿಂದ ಭಾಗಿಸಿದರೆ ಸರಿಯಾಗಿ 8.

ಇದರಿಂದ ಮಕ್ಕಳಿಗೆ ಗೊಂದಲ ಜಾಸ್ತಿ ಆಗುತ್ತದೆ ಅಂತ ಪಕ್ಕದ ಶಾಲೆಯ ಮೇಷ್ಟ್ರೊಬ್ಬರು ಹೇಳುತ್ತಾರೆ. ಮೊದಲ ವಾರವೇ ಗುಂಟೆ, ಓವರ್ ತಂದರೆ ನಿಜವಾಗಿಯೂ ಆಗುತ್ತದೆ. ಮೀಟರ್ ಗೆರೆ ಮೊದಲು, ಇದೆಲ್ಲ ಆಮೇಲೆ. ಆದರೆ ತರಲೇಬಾರದು ಅನ್ನುವುದನ್ನು ಒಪ್ಪಲಾರೆ. ಗೊಂದಲ ಮಗುವಿನಲ್ಲಿ ಮೊದಲೇ ಇದೆ.

ಏಳನೇ ತರಗತಿಯಲ್ಲಿ ದಶಮಾಂಶದ ಗುಣಾಕಾರ, ಭಾಗಾಕಾರ ಬಂದಾಗ ಮತ್ತೆ ತೂಕವೇ ಕೈಹಿಡಿಯುತ್ತದೆ. ಗುಣಿಸಿದರೆ ದೊಡ್ಡದಾಗಬೇಕು ಅನ್ನುವ ನಂಬಿಕೆ 0.5 × 0.5ರಲ್ಲಿ ಬೀಳುತ್ತದೆ, ಅರ್ಧದ ಅರ್ಧ ಪಾವ್ ಅಂತ ಎಲ್ಲರಿಗೂ ಗೊತ್ತು. ಭಾಗಾಕಾರಕ್ಕೆ 2 ÷ 0.25 ಬರೆಯುವ ಮೊದಲು, ಎರಡು ಕಿಲೋ ಬೇಳೆಯಲ್ಲಿ ಪಾವ್ ಕಿಲೋದ ಎಷ್ಟು ಪೊಟ್ಟಣ ಕಟ್ಟಬಹುದು ಅಂತ ಕೇಳುತ್ತೇನೆ. ಎಂಟು ಅಂತ ಬಾಯಿಗೆ ಬಂದ ಮೇಲೆಯೇ ಚುಕ್ಕೆ ಸರಿಸುವ ಪದ್ಧತಿ ತೋರಿಸುತ್ತೇನೆ.