ಜಪಸರದ ಹೊತ್ತಿಗೆ ಮಕ್ಕಳು ನಕ್ಕರೆ ಗದರಬೇಡಿ

ಎಲ್ಲರಿಗೂ ಯೇಸುವಿನಲ್ಲಿ ವಂದನೆ. ನಮ್ಮ ಮನೆಯಲ್ಲಿ ಜಪಸರದ (ಮಣಿ ಎಣಿಸುತ್ತಾ ಮಾತೆ ಮರಿಯಳಿಗೆ ಮಾಡುವ ಪ್ರಾರ್ಥನೆಯ) 53 'ನಮೋ ಮರಿಯಾ' ಜಪ ಮುಗಿಯುವಷ್ಟರಲ್ಲಿ ಚಿಕ್ಕವನು ತೂಕಡಿಸಿ ಅಜ್ಜಿಯ ಮಡಿಲಿಗೆ ಬೀಳುತ್ತಿದ್ದ. ಈಗ ಹತ್ತು ಹತ್ತು ಮಣಿಯನ್ನು ಒಬ್ಬೊಬ್ಬರು ನಡೆಸುತ್ತೇವೆ. ಶುರು ಮಾಡುವ ಮೊದಲು ಆ ದಿನ ನಗು ತಂದ ಒಂದು ಸಂಗತಿ ಹೇಳಿ ದೇವರಿಗೆ ಸ್ತೋತ್ರ ಸಲ್ಲಿಸಬೇಕು. ಮೊನ್ನೆ ಅವನು ಕಣ್ಣು ಮುಚ್ಚಿ, ಕೈ ಜೋಡಿಸಿ, "ದೇವರೇ, ಕರೆಂಟು ಹೋಯ್ತು, ಹೋಮ್‌ವರ್ಕ್ ತಪ್ಪಿತು, ಸ್ತೋತ್ರ!" ಅಂದ. ಅಜ್ಜಿಗೇ ನಗು ತಡೆಯಲಾಗಲಿಲ್ಲ.

ಬೈಬಲಿನ ಆದಿಕಾಂಡ 21ನೇ ಅಧ್ಯಾಯದ ಕಥೆಯನ್ನೂ ಮಕ್ಕಳಿಗೆ ಹೇಳಿ. ಮುಪ್ಪಿನಲ್ಲಿ ಸಾರಾಳಿಗೆ ಹುಟ್ಟಿದ ಮಗ ಇಸಾಕ. ಆ ಹೆಸರಿನ ಅರ್ಥವೇ 'ಅವನು ನಗುತ್ತಾನೆ'. ನಮ್ಮ ಮಕ್ಕಳಿಗೆ ಇದು ಬಹಳ ಹಿಡಿಸಿತು.

ತೀರಾ ಚಿಕ್ಕವರಿದ್ದರೆ ಹತ್ತೇ ಮಣಿ ಸಾಕು. ಊಟಕ್ಕೆ ಮೊದಲೇ ಮುಗಿಸಿ, ಹೊಟ್ಟೆ ತುಂಬಿದರೆ ನಿದ್ದೆ ಬಂದುಬಿಡುತ್ತೆ.