ಸ್ತನದ ಗಾತ್ರ ಇಳಿಸಿಕೊಂಡವರ ಬ್ರಾ: ಮಡಿಕೆಯ ಇಲಾಸ್ಟಿಕ್ ತೆಗೆದು ಹೊಲಿದದ್ದು

ಸ್ತನದ ಗಾತ್ರ ಇಳಿಸುವ ಆಪರೇಷನ್ ಆದವರ ಬ್ರಾದಲ್ಲಿ ಮಡಿಕೆಯ (ಸ್ತನದ ಕೆಳಗೆ ಎದೆಗೆ ಸೇರುವ ಗೆರೆಯ) ಮೇಲೆ ಕೂರುವ ಇಲಾಸ್ಟಿಕ್ಕೇ ಬೇಡ ಅಂದಾಗ ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಹೊಲಿಗೆಯವರು ಯಾರೂ ಒಪ್ಪಲಿಲ್ಲ. ಮೇಲಕ್ಕೆ ಸರಿಯುತ್ತದೆ ಅಂದರು. ಈಗ ನಲವತ್ತರ ಹತ್ತಿರ ಹೊಲಿದಾಗಿದೆ, ಸರಿಯುತ್ತದೆ ಅಂತ ಒಂದೂ ವಾಪಸ್ ಬಂದಿಲ್ಲ.

ಈ ಆಪರೇಷನ್ ಬರೀ ಚಂದಕ್ಕೆ ಅನ್ನುವ ಮಾತು ಅಳತೆ ತೆಗೆಯುವವರ ಮುಂದೆ ನಿಲ್ಲುವುದಿಲ್ಲ. ಹೆಗಲಲ್ಲಿ ಪಟ್ಟಿ ಕೊರೆದ ಗುಳಿಗೆ ಬೆರಳು ಕೂರುತ್ತದೆ. ಮಡಿಕೆಯ ಚರ್ಮ ಬೆಂದ ಹಾಗೆ ಕೆಂಪಗಿರುತ್ತದೆ, ಬೆವರಿಗೆ ಪೌಡರ್ ಮುದ್ದೆಗಟ್ಟಿರುತ್ತದೆ. ಕುತ್ತಿಗೆ ನೋವು, ಬೆನ್ನು ನೋವು, ಕೆಲವರಿಗೆ ಕಿರುಬೆರಳು ಜೋಮು. ಒಂದೊಂದು ಬದಿಯಿಂದ ಅರ್ಧ ಕಿಲೋ ತೆಗೆಯುವುದು ಅಪರೂಪವೇನಲ್ಲ.

ಸಾಮಾನ್ಯವಾಗಿ ಗಾಯದ ಹೊಲಿಗೆ ತೊಟ್ಟಿನ ಸುತ್ತ, ಅಲ್ಲಿಂದ ನೆಟ್ಟಗೆ ಕೆಳಕ್ಕೆ, ಆಮೇಲೆ ಮಡಿಕೆಯುದ್ದಕ್ಕೂ ಬರುತ್ತದೆ. ಕೆಳಗಿಳಿದ ಗೀಟು ಮಡಿಕೆಯ ಗೀಟಿಗೆ ಸೇರುವ ಜಾಗದಲ್ಲಿ ಎಳೆತ ಜಾಸ್ತಿ, ರಕ್ತದ ಓಡಾಟ ಕಡಿಮೆ. ಗಾಯ ಬಿಟ್ಟುಕೊಳ್ಳುವುದಿದ್ದರೆ ಹೆಚ್ಚಾಗಿ ಅಲ್ಲೇ. ನಾವು ಮಾಮೂಲಿ ಇಲಾಸ್ಟಿಕ್ ಕೂರಿಸುವುದೂ ಸರಿಯಾಗಿ ಅದೇ ಜಾಗಕ್ಕೆ!

ಮೊದಲ ನಾಲ್ಕು ನಮೂನೆಗಳಿಗೆ ಒಂಬತ್ತು ಸಾವಿರದಷ್ಟು ಹೋಯಿತು. ಕಪ್ ಮಾತ್ರ ಚಿಕ್ಕದು ಮಾಡಿದ್ದು ಗಾಯ ಉಜ್ಜಿತು. ಜಿಪ್ ನಡುವಲ್ಲಿ ಒತ್ತಿತು. ವೆಲ್‌ಕ್ರೋಗೆ ಡ್ರೆಸ್ಸಿಂಗ್‌ನ ಗಾಜ್ ಬಟ್ಟೆ ಸಿಕ್ಕಿಕೊಂಡು ಎಳೆಯಿತು. ಬರೀ ಕಾಟನ್ ಮಧ್ಯಾಹ್ನದ ಹೊತ್ತಿಗೆ ಬೆವರು ಕುಡಿದು ಜೋತುಬಿತ್ತು.

ನಿಂತದ್ದು ಹೀಗೆ. ಮುಂಬಯಿಯ ಮಂಗಲದಾಸ್ ಮಾರ್ಕೆಟ್ಟಿನ ಕಾಟನ್ ಲೈಕ್ರಾ (ಹಿಗ್ಗುವ ಕಾಟನ್), ಕೆಳಪಟ್ಟಿಗೆ ಎರಡು ಪದರ, ಅಗಲ 3 ಇಂಚು. ಮಡಿಕೆ ಬರುವ ಜಾಗದಲ್ಲಿ ಜೋಡಣೆಯೂ ಇಲ್ಲ, ಇಲಾಸ್ಟಿಕ್ಕೂ ಇಲ್ಲ. ಇಲಾಸ್ಟಿಕ್ ಬರುವುದು ಮಡಿಕೆಯಿಂದ ಒಂದೂವರೆ ಇಂಚು ಕೆಳಗೆ, ಪಕ್ಕೆಲುಬಿನ ಮೇಲೆ. ಓವರ್‌ಲಾಕ್, ಅಂದರೆ ಅಂಚು ಬಿಡದಂತೆ ಹಾಕುವ ಹೊಲಿಗೆ, ಎಲ್ಲ ಹೊರಗಡೆ. ಹುಕ್ ಮುಂದೆ, 3 ಸಾಲು, ಯಾಕೆಂದರೆ ಬಾವು ಇಳಿಯುತ್ತಾ ಹೋಗುತ್ತದೆ. ಆಪರೇಷನ್ನಿಗೆ ಮೊದಲು ತೆಗೆದ ಕೆಳ ಅಳತೆಗೆ 2 ಇಂಚು ಸೇರಿಸಿ. ಹೆಗಲಪಟ್ಟಿ ಒಂದೂವರೆ ಇಂಚು, ಅದಕ್ಕೂ ಮುಂದೆ ಹುಕ್, ಕೈ ಮೇಲೆತ್ತುವಂತಿಲ್ಲವಲ್ಲ. ಹುಕ್ಕಿನ ಹಿಂದೆ ಚರ್ಮಕ್ಕೆ ತಾಗದಂತೆ ಒಂದು ನಾಲಿಗೆ ಬಟ್ಟೆ ಬರುತ್ತದೆ. ಅದು ಮಡಚಿಕೊಳ್ಳದ ಹಾಗೆ ಕತ್ತರಿಸುವ ಬಗೆ ಇಲ್ಲಿ ಬರೆಯುವುದಿಲ್ಲ, ಎರಡು ವರ್ಷ ತಿಂದ ಕೆಲಸ ಅದು.

ಮೇಲಕ್ಕೆ ಯಾಕೆ ಸರಿಯುವುದಿಲ್ಲ? ಭಾರ ಮುಂದಕ್ಕೆ ಜಗ್ಗಿದಾಗ ತಾನೇ ಪಟ್ಟಿ ಬೆನ್ನಲ್ಲಿ ಮೇಲೇರುವುದು? ಇವರ ಭಾರ ಆಗಲೇ ಇಳಿದಿದೆ. ಎತ್ತಿ ಹಿಡಿಯುವ ಕೆಲಸ ಮುಗಿದಿದೆ, ಅಲುಗದಂತೆ ಹಿಡಿದರೆ ಸಾಕು. ಅರ್ಧರ್ಧ ಕಿಲೋ ಅಕ್ಕಿ ಚೀಲ ಕಟ್ಟಿ ಡಮ್ಮಿಗೆ ಇಡೀ ದಿನ ತೊಡಿಸಿ ನೋಡಿದೆ. ಹಳೇ ನಮೂನೆಯ ಪಟ್ಟಿ ಬೆನ್ನಲ್ಲಿ ಎರಡು ಬೆರಳು ಮೇಲೆ ಹೋಗಿತ್ತು; ಚೀಲ ಬಿಚ್ಚಿ ತೊಡಿಸಿದ ಹೊಸತು ಇದ್ದಲ್ಲೇ ಇತ್ತು.

ಗಾಯ ಪೂರ್ತಿ ಮಾಗಿದ ಮೇಲೆ ಕಲೆ ತಗ್ಗಲೆಂದು ಸಿಲಿಕೋನ್ ಹಾಳೆ ಇಡಲು ಒಳಜೇಬೂ ಹೊಲಿದದ್ದುಂಟು. ಮುಂಬಯಿ ಮಳೆಗಾಲದಲ್ಲಿ ಹಾಳೆಯಡಿ ಬೆವರು ನಿಂತು ತುರಿಕೆ ಶುರುವಾಯಿತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಜೇಬು ಹೊಲಿಯುವುದಿಲ್ಲ.

ಬಟ್ಟೆ, ಹುಕ್, ಇಲಾಸ್ಟಿಕ್ ಸೇರಿ 180–200 ರೂಪಾಯಿ ಬೀಳುತ್ತದೆ, ತೆಗೆದುಕೊಳ್ಳುವುದು 650. ಒಬ್ಬರಿಗೆ ಮೂರು ಬೇಕು: ಮೈಮೇಲೊಂದು, ಹಗ್ಗದ ಮೇಲೊಂದು, ಮಳೆಗೆ ಒಣಗದಿದ್ದರೆ ಇನ್ನೊಂದು. ಎಷ್ಟು ವಾರ ಹಗಲುರಾತ್ರಿ ತೊಡಬೇಕು ಅನ್ನುವುದು ಸರ್ಜನ್ ಮಾತು, ಬಹಳ ಜನಕ್ಕೆ ಆರು ವಾರ ಹೇಳುತ್ತಾರೆ. ಅಳತೆಗೆ ಬಂದಾಗ ಮಡಿಕೆಯಲ್ಲಿ ಒದ್ದೆ ಕಂಡರೆ ಟೇಪ್ ಸುತ್ತಿಟ್ಟು ಮೊದಲು ಸರ್ಜನ್ ಹತ್ತಿರ ಕಳಿಸಿ.